ಕೊಡುಗೆ: ರತ್ನಾಕರ ಶೆಟ್ಟಿ, ಗಲ್ಫ್

ಹೋಟೆಲ್ ಉದ್ಯಮಿ ರತ್ನಾಕರ ಶೆಟ್ಟರು ದಿವಾಳಿಯಾಗಿದ್ದಾರೆಂದು ಗಲ್ಫಿನ ನ್ಯಾಯಾಲಯವೊಂದು ಘೋಷಿಸಿತು. ಆ ಘೋಷಣೆಗೆ ನಮ್ಮ ನ್ಯಾಯಾಲಯವೂ ಮಾನ್ಯತೆ ನೀಡಿತು. ಅಲ್ಲಿ ಮುಳುಗಿದವರು ಇಲ್ಲಿಯೂ ಮುಳುಗಿದಂತೆ ಎಂದು ಇದರ ಅರ್ಥ.

ಶೆಟ್ಟರ ಆಸ್ತಿ ವಶಪಡಿಸಿಕೊಳ್ಳಲು ಗಲ್ಫಿನಿಂದ ದಿವಾಳಿ ನಿರ್ವಾಹಕರು ಬಂದರು. ಹೆಸರು ಮನೀಷ್. ಶೆಟ್ಟರಿಗೆ ಇಲ್ಲಿ ಮನೆ, ಜಾಗ ಏನೂ ಇರಲಿಲ್ಲ. ಹೆಸರು ಮಾತ್ರ ಎಲ್ಲ ಕಡೆ ಇತ್ತು. ನಮ್ಮಲ್ಲಿ ಯಾರು ಏನು ಕೊಟ್ಟರೂ ಅದರ ಮೇಲೆ ಅವರ ಹೆಸರು ಬರೆಸುವುದು ಕ್ರಮ. ಕೊಕ್ಕರ್ಣೆಯ ಬಸ್ ತಂಗುದಾಣ. ಬಸ್ರೂರಿನ ಭಜನಾ ಮಂದಿರದ ಕುರ್ಚಿಗಳು. ಶಾಲೆಯ ಫ್ಯಾನಿನ ಮೂರೂ ರೆಕ್ಕೆ.

ಹೆಸರು ಯಾರದೋ, ವಸ್ತುವೂ ಅವರದೇ ಎಂಬ ನಿಯಮದಂತೆ ಎಲ್ಲವೂ ಜಪ್ತಿಯಾಯಿತು. ಕೊಕ್ಕರ್ಣೆಯವರು ತಂಗುದಾಣದ ಹೊರಗೆ ಕೊಡೆ ಹಿಡಿದು ಬಸ್ಸು ಕಾದರು. ಜಪ್ತಿಯಾದ ಫ್ಯಾನಿನ ಗಾಳಿ ತೆಗೆದುಕೊಳ್ಳಬಾರದೆಂದು ಮಕ್ಕಳಿಗೆ ಸೂಚನೆ ಹೋಯಿತು. ಯಾರೂ ತಕರಾರು ಮಾಡಲಿಲ್ಲ.

ಮಾಡಿದವನು ಬೈಂದೂರಿನ ಮೀನುಗಾರ ಮುತ್ತ ಒಬ್ಬನೇ. ಅವನ ದೋಣಿಯ ಮೇಲೂ ಶೆಟ್ಟರ ಹೆಸರಿತ್ತು. ದೋಣಿ ಅವನದೇ. ಶೆಟ್ಟರು ಕೊಟ್ಟದ್ದು ಒಂದು ಡಬ್ಬಿ ನೀಲಿ ಪೇಂಟ್. ಜಪ್ತಿಯ ನಂತರ ಅವನು ಕಡಲಿಗಿಳಿದಿಲ್ಲ. ಹೆಂಡತಿ ಜಲಜಳ ಮೀನಿನ ಬುಟ್ಟಿ ಖಾಲಿ.

"ದೋಣಿಯ ಮೇಲೆ ಹೆಸರು ಬರೆದವರು ಯಾರು?" ನಿರ್ವಾಹಕರ ವಕೀಲ ಪ್ರೇಮಾನಂದರು ನ್ಯಾಯಾಲಯದಲ್ಲಿ ಕೇಳಿದರು.

"ನಾನೇ, ಸ್ವಾಮಿ."

"ಕೊಟ್ಟದ್ದು ಪೇಂಟ್ ಆದರೆ ದೋಣಿಯ ಮೇಲೇಕೆ ಬರೆದೆ?"

"ಎಂತ ಹೇಳ್ತ್ರಿ! ಖಾಲಿ ಡಬ್ಬಿ ಮೇಲ್ ದೊಡ್ಡವ್ರ್ ಹೆಸ್ರ್ ಬರೂಕ್ ಆತ್ತಾ?"

ನ್ಯಾಯಾಧೀಶರು ಇದನ್ನು ತಪ್ಪೊಪ್ಪಿಗೆ ಎಂದು ದಾಖಲಿಸಿಕೊಂಡರು.

ಹೊರಗೆ ಬಂದಾಗ ಜಲಜ ಅಂದಳು: "ಪೇಂಟಿನ್ ಆಸಿಗೆ ದೋಣಿ ಹೋಯ್ತ್ ಕಾಣಿ. ಇನ್ನ್ ಮನಿ ಬಾಗ್ಲಿಗೂ ಬರೀನಿ ಅವ್ರ್ ಹೆಸ್ರ್!"

"ಸುಮ್ನಿರ್ ಮಾರಾಯ್ತಿ. ಬಾಗ್ಲಿಗೆ ಪೇಂಟ್ ಉಳಿಲಿಲ್ಲ."

ಜಪ್ತಿಯಾದ ವಸ್ತುಗಳ ಏಲಂ ನಡೆಯಿತು. ಕೂಗುವವರು ಬರಲಿಲ್ಲ. ಬಸ್ ತಂಗುದಾಣವನ್ನು ಹಡಗಿನಲ್ಲಿ ಗಲ್ಫಿಗೆ ಸಾಗಿಸುವುದು ದುಬಾರಿ ಎಂದು ತಿಳಿಯಿತು. ಜಪ್ತಿ ಮಾಡಿದ್ದನ್ನು ಹಿಂದಿರುಗಿಸಲು ನಿಯಮವಿಲ್ಲ. ದಾನ ಮಾಡಲು ಇದೆ.

ಕುಂದಾಪುರದಲ್ಲಿ ಸಮಾರಂಭವಾಯಿತು. ಜನ ಜಪ್ತಿಯಾದ ಕುರ್ಚಿಗಳಲ್ಲಿ ಕುಳಿತರು. ದಾನಿ ಮನೀಷರಿಗೆ ಶಾಲು, ಹಣ್ಣಿನ ಬುಟ್ಟಿ. ಅವರು ಮುತ್ತನ ಕೈಗೆ ಮುತ್ತನ ಹುಟ್ಟುಗೋಲು ಕೊಟ್ಟು ದೋಣಿಯನ್ನು ದಾನ ಮಾಡಿದರು. ಎರಡು ಮಾತಾಡಲು ಹೇಳಿದರು.

"ನಂಗೆ ದೋಣಿ ಇರ್ಲಿಲ್ಲ. ಇವ್ರ್ ಕೊಟ್ರ್. ದೇವ್ರ್ ಒಳ್ಳೇದ್ ಮಾಡ್ಲಿ," ಎಂದ ಮುತ್ತ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮುಂದಿನ ಸಾಲಿನಲ್ಲಿದ್ದ ರತ್ನಾಕರ ಶೆಟ್ಟರು.

ಈಗ ದೋಣಿಯ ಮೇಲೆ 'ಕೊಡುಗೆ: ಮನೀಷ್, ದಿವಾಳಿ ನಿರ್ವಾಹಕರು' ಎಂದಿದೆ. ಬರೆಯಲು ಪೇಂಟ್ ಕೊಟ್ಟವರು ಶೆಟ್ಟರು. ಅವರ ಹೆಸರು ಕೆಳಗಿದೆ. ಮುತ್ತನ ಹೆಸರಿಲ್ಲ. ಅವನು ಏನೂ ಕೊಟ್ಟಿಲ್ಲ.