ಹತ್ತನೇ ಕ್ಲಾಸು ಮತ್ತು ಚನ್ನಗಿರಿಯ ಕೋಗಿಲೆ

ಮನೆಯಲ್ಲಿ ಹತ್ತನೇ ಕ್ಲಾಸಿನ ಮಗು ಇದ್ದರೆ ಆ ವರ್ಷ ಅಳುವುದಕ್ಕೂ ನಗುವುದಕ್ಕೂ ಬರ ಇರುವುದಿಲ್ಲ. ನಾನು ನ್ಯಾಮತಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಮೊನ್ನೆ ಒಬ್ಬ ತಾಯಿ ಮಗಳನ್ನು ಕರೆತಂದು, "ಎಸ್ಸೆಸ್ಸೆಲ್ಸಿ ರೀ, ಓದಿ ಓದಿ ಸೋತಾಳೆ, ರಕ್ತ ಕಮ್ಮಿ ಐತೇನೋ ನೋಡ್ರಿ" ಅಂದರು. ಸೂಜಿ ಚುಚ್ಚಿದ್ದೇ ಆ ಹುಡುಗಿಗೆ ಗೊತ್ತಾಗಲಿಲ್ಲ. ಕಾಲಿನ ಹೆಬ್ಬೆರಳು ಮಾತ್ರ ತಾಳ ಹಾಕುತ್ತಿತ್ತು. ನೋಡಿದರೆ, ಇಳಿಬಿಟ್ಟ ಕೂದಲ ಹಿಂದೆ ಇಯರ್‌ಫೋನ್. ನಾನು ತಾಯಿಗೆ ಹೇಳಲಿಲ್ಲ. ರಕ್ತವೂ ಬೇಕಾದಷ್ಟಿತ್ತು. ನನ್ನ ಹತ್ತನೇ ಕ್ಲಾಸು ನೆನಪಾಗಿ ಆವತ್ತೆಲ್ಲ ಒಬ್ಬಳೇ ನಗುತ್ತಿದ್ದೆ.

ಅಭಿಮಾನಿಗಳು ಎದ್ದು ನಿಲ್ರಿ

ನನಗೊಬ್ಬಳು ಗೆಳತಿ. ಅಂಗನವಾಡಿಯಲ್ಲಿ ಒಂದೇ ತಟ್ಟೆಯ ಉಪ್ಪಿಟ್ಟು ತಿಂದು ಬೆಳೆದವರು ನಾವು; ಹತ್ತನೇ ಕ್ಲಾಸಿಗೂ ಒಂದೇ ಬೆಂಚು. ಆ ವರ್ಷ ನಮ್ಮ ಬೀದಿಯಲ್ಲಿ ಗಣಪತಿ ಕೂರಿಸಿದಾಗ ಆರ್ಕೆಸ್ಟ್ರಾ ತರಿಸಿದ್ದರು. ಕೆಂಪು ಕೋಟು, ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಗಾಯಕರು ಹಾಡಲು ನಿಂತರು. ಬ್ಯಾನರಿನಲ್ಲಿ ಅವರ ಹೆಸರಿರಲಿಲ್ಲ, "ಚನ್ನಗಿರಿಯ ಗಾನ ಕೋಗಿಲೆ" ಅಂತ ಮಾತ್ರ ಇತ್ತು. ಮೊದಲ ಹಾಡಿಗೇ ನಾವಿಬ್ಬರೂ ಮರುಳಾದೆವು. ಕ್ಲಾಸಿನ ಉಳಿದವರೆಲ್ಲ ಸಿನಿಮಾದವರ ಅಭಿಮಾನಿಗಳು, ನಾವು ಮಾತ್ರ ಕೋಗಿಲೆಯ ಅಭಿಮಾನಿಗಳು.

ಗೆಳತಿ ಒಂದು ಚೀಟಿ ಕಳಿಸಿ ಇನ್ನೊಂದು ಹಾಡು ಕೇಳಿದಳು. ಹೆಸರು ಬರೆಯಲು ಹೆದರಿ "ಹತ್ತನೇ ತರಗತಿ ಬಿ ವಿಭಾಗದ ಅಭಿಮಾನಿಗಳು" ಅಂತ ಹಾಕಿದ್ದಳು. ಕೋಗಿಲೆ ಅದನ್ನು ಮೈಕಿನಲ್ಲಿ ಓದಿಯೇಬಿಟ್ಟರು. ಜನರ ನಡುವೆ ನಮ್ಮ ಲೆಕ್ಕದ ಮೇಷ್ಟ್ರು ನಿಂತಿದ್ದರು.

ಮಾರನೇ ದಿನ ಮೇಷ್ಟ್ರು ಕ್ಲಾಸಿಗೆ ಬಂದವರೇ, ಬಿ ವಿಭಾಗದ ಅಭಿಮಾನಿಗಳು ಯಾರ್ಯಾರು, ಎದ್ದು ನಿಲ್ರಿ ಅಂದರು. ನಾವಿಬ್ಬರೂ ಎದ್ದೆವು. ನಮ್ಮ ಹಿಂದಿನ ಬೆಂಚು ಎದ್ದಿತು. ಆಮೇಲೆ ಹುಡುಗರ ಸಾಲು. ಆವತ್ತು ಊರಲ್ಲೇ ಇರದವರೂ ಎದ್ದರು. ಇಡೀ ಕ್ಲಾಸಿಗೆ ಏನು ಶಿಕ್ಷೆ ಕೊಡುವುದೋ ತಿಳಿಯದೆ ಮೇಷ್ಟ್ರು ಬೆತ್ತ ಮೇಜಿನ ಮೇಲಿಟ್ಟರು. ಕೊನೆಗೆ, ಸರಿ, ಹೋಮ್‌ವರ್ಕ್ ಮಾಡ್ಕೊಂಡು ಬಂದೋರು ಕೂತ್ಕೊಳ್ರಿ ಅಂದರು.

ಒಬ್ಬರೂ ಕೂರಲಿಲ್ಲ.

ಲೆಕ್ಕವೋ, ಹಾಡೋ

ಗೆಳತಿಗೆ ಲೆಕ್ಕ ಅಂದರೆ ಜ್ವರ. ಹಾಡಾದರೆ ಒಂದು ಸಲ ಕೇಳಿದ್ದು ಮರೆಯುತ್ತಿರಲಿಲ್ಲ. ಅದಕ್ಕೆ ನಾನೇ ಉಪಾಯ ಮಾಡಿ, ತ್ರಿಕೋನಮಿತಿಯ ಸೂತ್ರಗಳನ್ನು ಕೋಗಿಲೆ ಹಾಡಿದ ಹಾಡಿನ ಧಾಟಿಗೆ ಕೂರಿಸಿದೆ. ಇಬ್ಬರೂ ನಮ್ಮ ಮನೆಯ ನಡುಮನೆಯಲ್ಲಿ ತೊಡೆ ತಟ್ಟಿಕೊಂಡು ಹಾಡುತ್ತಿದ್ದಾಗ ಅಮ್ಮ ಸೌಟು ಹಿಡಿದು ಬಂದರು. ಪರೀಕ್ಷೆ ಹತ್ತಿರ ಬಂದೈತೆ, ನಿಮಗೆ ಹಾಡು ಬೇಕಾ ಅಂತ ಶುರು ಮಾಡಿದರು.

ಗೆಳತಿ ಗಂಭೀರವಾಗಿ, "ಇದು ಹಾಡಲ್ಲ ಚಿಕ್ಕಮ್ಮ, ಲೆಕ್ಕ" ಅಂದಳು. ಪುಸ್ತಕ ತೆಗೆದು ತೋರಿಸಿದಳು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅನುಮಾನದಿಂದಲೇ ಪುಸ್ತಕ ನೋಡಿ, ಹಂಗಾದ್ರೆ ಜೋರಾಗಿ ಹಾಡ್ರಿ, ಬಾಯಿಪಾಠ ಆಗ್ಲಿ ಅಂತ ಒಳಗೆ ಹೋದರು.

ಒಂದು ವಾರದ ಮೇಲೆ ಅಮ್ಮನ ಜೊತೆ ಕಿರಾಣಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರ ಮೊಬೈಲಿನಲ್ಲಿ ಅದೇ ಹಾಡಿನ ನಿಜವಾದ ಸಾಲುಗಳು ಬರುತ್ತಿದ್ದವು. ನಾಯಕ ನಾಯಕಿಯ ತುಟಿಯನ್ನು ಹೊಗಳುತ್ತಿದ್ದ. ಅಮ್ಮ ಬೆಲ್ಲ ತೂಗಿಸಿಕೊಳ್ಳುತ್ತ ಹೆಮ್ಮೆಯಿಂದ ಹೇಳಿದರು: "ಇದು ಹತ್ತನೇ ಕ್ಲಾಸಿನ ಲೆಕ್ಕ ರೀ. ನಮ್ಮ ಹುಡುಗಿ ಪೂರ್ತಿ ಬಾಯಿಪಾಠ ಮಾಡ್ಯಾಳೆ."

ಸೂಳೆಕೆರೆ ಏರಿ ಮೇಲೆ

ಶಾಲೆಯಿಂದ ಕೊನೆಯ ಪ್ರವಾಸ ಅಂತ ಸೂಳೆಕೆರೆಗೆ ಕರೆದೊಯ್ದರು. ಚನ್ನಗಿರಿಯಲ್ಲಿ ಬಸ್ಸು ಟೀಗೆ ನಿಂತಾಗ ಗೆಳತಿ ಇಳಿದು ಹೋಟೆಲಿನ ಅಜ್ಜನನ್ನು, ಇಲ್ಲಿ ಕೋಗಿಲೆ ಎಲ್ಲಿರ್ತಾರೆ ಅಂತ ಕೇಳಿದಳು. ಅಜ್ಜ ಪಾಪ ಯೋಚನೆ ಮಾಡಿ, "ತೋಟದ ಕಡಿ ಹೋಗವ್ವ, ಬೆಳಗ್ಗೆ ಕೂಗ್ತಾವೆ" ಅಂದರು.

ಕೆರೆ ಏರಿಯ ಮೇಲೆ ಇಬ್ಬರೂ ಕೂತೆವು. ಎದುರಿಗೆ ಸಮುದ್ರದಂಥ ನೀರು. ಗೆಳತಿ ಹೇಳಿದಳು: ಅವಳಕ್ಕನೂ ಹತ್ತನೇ ಕ್ಲಾಸಲ್ಲಿ ಲೆಕ್ಕಕ್ಕೇ ಫೇಲಾಗಿದ್ದಳು, ಅಲ್ಲಿಗೇ ಓದು ನಿಲ್ಲಿಸಿ ಮದುವೆ ಮಾಡಿದರು. ಇವಳಿಗೂ ಅಪ್ಪ, ಫೇಲಾದರೆ ಮದುವೆಯೇ ಅಂತ ಹೇಳಿಬಿಟ್ಟಿದ್ದರಂತೆ.

"ನೀನು ಕಾಲೇಜಿಗೆ ಹೋಗ್ತೀಯ. ನನ್ನ ಮರೀಬ್ಯಾಡ ಕಣೇ" ಅಂದಳು.

ಅಂಗನವಾಡಿಯಿಂದ ಅವಳಿಲ್ಲದ ಬೆಂಚನ್ನು ನಾನು ಕಂಡೇ ಇರಲಿಲ್ಲ. ನನಗೂ ಅಳು ಬಂತು. ಇಬ್ಬರೂ ಬಿಕ್ಕುವುದನ್ನು ನೋಡಿದ ಹೆಡ್‌ಮೇಡಂ ಓಡಿಬಂದು, ಹಸಿವು ತಡೆಯಾಕೆ ಆಗಲ್ವೇನ್ರೇ ಅಂತ ತಲೆ ಸವರಿ, ತಾವೇ ಮಾಡಿ ತಂದಿದ್ದ ಚಿತ್ರಾನ್ನವನ್ನು ಕೈತುಂಬ ಬಡಿಸಿದರು. ಅಳು ಇನ್ನೂ ಜಾಸ್ತಿಯಾಯಿತು. ಚಿತ್ರಾನ್ನಕ್ಕೆ ಉಪ್ಪೇ ಹಾಕಿರಲಿಲ್ಲ.

ಲೆಕ್ಕದ ಪರೀಕ್ಷೆ

ನಮಗೆ ಪರೀಕ್ಷೆಗೆ ಹೊನ್ನಾಳಿಯ ಸೆಂಟರ್ ಬಿದ್ದಿತ್ತು. ಲೆಕ್ಕದ ದಿನ ನಮ್ಮ ರೂಮಿಗೆ ಮೇಲ್ವಿಚಾರಕರಾಗಿ ಬೇರೆ ಶಾಲೆಯ ಮೇಷ್ಟ್ರು ಬಂದರು. ಬಿಳಿ ಷರ್ಟು, ದಪ್ಪ ಕನ್ನಡಕ, ಹಣೆಯಲ್ಲಿ ವಿಭೂತಿ. "ಹಾಲ್ ಟಿಕೆಟ್ ಮೇಜಿನ ಮೇಲೆ ಇಡ್ರಿ" ಅಂದರು.

ಗೆಳತಿಯ ಕೈಯಿಂದ ಪೆನ್ನು ಬಿತ್ತು. ನನಗೂ ಗೊತ್ತಾಯಿತು. ಆ ದನಿ ಕೋಗಿಲೆಯದು.

ಅವರು ಬಂದು ಅವಳ ಹಾಲ್ ಟಿಕೆಟ್ಟಿಗೆ ಸಹಿ ಹಾಕಿ ಮುಂದೆ ಹೋದರು. ಅವಳು ಕೋಗಿಲೆಯ ಆ ಆಟೋಗ್ರಾಫನ್ನೇ ನೋಡುತ್ತ ಕೂತಳು, ಒಂದಕ್ಷರ ಬರೆಯಲಿಲ್ಲ. ಪಕ್ಕದ ಸಾಲಿನಲ್ಲಿದ್ದ ನನಗೆ ಅವಳ ಅಪ್ಪನ ಮುಖ ಕಣ್ಣಿಗೆ ಬಂತು. ಅಷ್ಟರಲ್ಲಿ ಮುಂದಿನ ಹುಡುಗ ಎದ್ದು ಅಡಿಷನಲ್ ಶೀಟ್ ಕೇಳಿದ. ಮೇಷ್ಟ್ರು ಅದಕ್ಕೂ ಒಂದು ಸಹಿ ಹಾಕಿ ಕೊಟ್ಟರು. ಗೆಳತಿ ಆ ಸಹಿಯನ್ನು ನೋಡಿದಳು. ತಾನೂ ಕೈ ಎತ್ತಿದಳು.

ಮೇಷ್ಟ್ರು ಅವಳ ಖಾಲಿ ಉತ್ತರಪತ್ರಿಕೆ ತಿರುವಿ, ಮೊದಲು ಇದನ್ನ ತುಂಬಿಸವ್ವ, ಆಮೇಲೆ ಶೀಟ್ ಕೊಡ್ತೀನಿ ಅಂದರು.

ಅಲ್ಲಿಂದ ಶುರುವಾಯಿತು. ಗೊತ್ತಿದ್ದ ಪ್ರಮೇಯ, ಗೊತ್ತಿದ್ದ ಸೂತ್ರ, ಗೊತ್ತಿಲ್ಲದ ಲೆಕ್ಕದ ಅರ್ಧಭಾಗ, ಒಂದನ್ನೂ ಬಿಡದೆ ಬರೆದಳು. ಉತ್ತರಪತ್ರಿಕೆ ತುಂಬಿತು. ಶೀಟ್ ಇಸಿದುಕೊಂಡಳು, ಅದೂ ತುಂಬಿತು, ಮತ್ತೆ ಕೈ ಎತ್ತಿದಳು. ವರ್ಷವಿಡೀ ಅರ್ಧ ಹಾಳೆ ಬರೆದು ಏಳುತ್ತಿದ್ದವಳು ಗಂಟೆ ಹೊಡೆದರೂ ಬರೆಯುತ್ತಲೇ ಇದ್ದಳು. ಮೇಷ್ಟ್ರು ತಮ್ಮ ಸಹಿ ಇದ್ದ ಹಾಳೆಗಳನ್ನೆಲ್ಲ ದಾರ ಕಟ್ಟಿಸಿ ತೆಗೆದುಕೊಂಡಾಗ ಅವಳ ಕಣ್ಣಲ್ಲಿ ನೀರು. ಇಷ್ಟೆಲ್ಲ ಬರೆದು ಯಾಕಮ್ಮ ಅಳ್ತೀ ಅಂತ ಅವರೇ ಸಮಾಧಾನ ಹೇಳಿದರು.

ಫಲಿತಾಂಶ ಬಂದಾಗ ಅವಳು ಲೆಕ್ಕದಲ್ಲಿ ಪಾಸು. ಅವಳಪ್ಪ ಬೀದಿಗೆಲ್ಲ ಪೇಡೆ ಹಂಚಿದರು, ಕಾಲೇಜಿಗೂ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಆದರೆ ನಾನು ಹೇಳಬೇಕಾದ್ದು ಆ ಲೆಕ್ಕದ ಪರೀಕ್ಷೆ ಮುಗಿದ ಮಧ್ಯಾಹ್ನದ ಮಾತು.

ಗೇಟಿನ ಹತ್ತಿರ ಕಾದು ನಿಂತು, ಮೇಷ್ಟ್ರು ಬೈಕು ತೆಗೆಯುವಾಗ ಗೆಳತಿ ಧೈರ್ಯ ಮಾಡಿ ಕೇಳಿದಳು: "ಸಾರ್, ಆರ್ಕೆಸ್ಟ್ರಾದಾಗೆ ಹಾಡೋರು ನೀವೇ ಅಲ್ವಾ?"

ಮೇಷ್ಟ್ರು ಆಚೆ ಈಚೆ ನೋಡಿದರು. ಹಿಂದೆಯೇ ಅವರ ಹೆಡ್‌ಮಾಸ್ಟರು ಬರುತ್ತಿದ್ದರು.

"ನಾನಲ್ಲವ್ವ, ಅವನು ನನ್ನ ತಮ್ಮ" ಅಂದರು. "ನೋಡಾಕೆ ಇಬ್ರೂ ಒಂದೇ ಥರ ಇದೀವಿ."

ಬೈಕು ಹತ್ತಿ ಅದೇ ಹಾಡನ್ನು ಸಣ್ಣಗೆ ಗುನುಗುತ್ತ ಹೋದರು. ನನಗೆ ಕೇಳಿಸಿತು. ಗೆಳತಿಗೆ ಏನೂ ಕೇಳಿಸುವ ಸ್ಥಿತಿ ಇರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು, ನೋಯುತ್ತಿದ್ದ ಬೆರಳು ಒತ್ತಿಕೊಳ್ಳುತ್ತ ಕೇಳಿದಳು:

"ಹಂಗಾದ್ರೆ ಅಷ್ಟೂ ಲೆಕ್ಕ ನಾನು ಸುಮ್‌ಸುಮ್ನೆ ಮಾಡಿದ್ನೇನೇ?"