ಬಾಲವಾಡಿಗೆ ಸೇಬು ಬಂದ ವಾರ

ಕೆಲವರ ಮನೆಗೆ ನೆಂಟರು ಬರುತ್ತಾರೆ, ನನ್ನ ಬಳಿಗೆ ಫಜೀತಿ ಬರುತ್ತದೆ. ಬರುವುದು ಒಂಟಿಯಾಗಿಯೂ ಅಲ್ಲ, ತಮ್ಮ ತಂಗಿಯರನ್ನೂ ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಹಾಗೆ ಸಂಸಾರ ಸಮೇತ ಬಂದು ಇಳಿದದ್ದು ನಮ್ಮ ಬಾಲವಾಡಿಯ ಸೇಬಿನ ವಾರದಲ್ಲಿ.

೧. ಬಾಯಿ

ಎಪ್ಪತ್ತರ ದಶಕದ ಶುರು. ಘಾಟ್ಕೋಪರಿನ ಗುಡ್ಡದ ಚಾಳೊಂದರಲ್ಲಿ ನಮ್ಮದು ಒಂದೇ ಕೋಣೆಯ ಖೋಲಿ. ಗಂಡ ಸಾಂತಾಕ್ರೂಜಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವವರು. ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಿದ್ದರು. ಆಮೇಲೆ ಖೋಲಿಯಲ್ಲಿ ನಾನು, ಮೂರು ವರ್ಷದ ಮಗಳು, ಒಂದು ಸ್ಟೋವ್. ನಿಂತರೆ ತಲೆಗೆ ಒದ್ದೆ ಬಟ್ಟೆ, ಕೂತರೆ ಮೊಣಕಾಲಿಗೆ ಸ್ಟೋವ್. ನನಗೋ ಒಂದು ಕಡೆ ಕೂತರೆ ಕಾಲು ಜುಮ್ಮೆನ್ನುತ್ತದೆ. ಹಾಗಾಗಿ ಕನ್ನಡ ಸಂಘದವರು ಬಾಲವಾಡಿ ತೆರೆಯುತ್ತೇವೆ, ಟೀಚರು ಬೇಕು ಅಂದಾಗ ಅವರ ಮಾತು ಮುಗಿಯುವ ಮೊದಲೇ ನಾನು ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ಆದರೆ ಕೆಲಸ ತಾತ್ಕಾಲಿಕ. ಸಂಘದ ಸೆಕ್ರೆಟರಿ ನಮ್ಮ ಊರ ಕಡೆಯವರೇ, ಸ್ವಂತ ಹೋಟೆಲಿನವರು. "ನಿಮ್ಮದು ಹತ್ತನೇ ಕ್ಲಾಸು ಮಾತ್ರ ಅಲ್ಲವಾ ಟೀಚರೇ," ಅಂದರು. "ಹಾಲಿನ ಪುಡಿ ಕೊಡುವ ಸಂಸ್ಥೆಯ ಮೇಡಂ ಶನಿವಾರ ಬಂದು ನೋಡ್ತಾರೆ. ಅವರು ಒಪ್ಪಿದರೆ ನೀವೇ ಇರಿ. ಇಲ್ಲದಿದ್ದರೆ ಸೋಮವಾರದಿಂದ ಟ್ರೈನಿಂಗ್ ಆದ ಹುಡುಗಿ."

ಅಂದರೆ ಶನಿವಾರ ಎಡವಿದರೆ ಮತ್ತೆ ಒದ್ದೆ ಬಟ್ಟೆ ಮತ್ತು ಸ್ಟೋವ್. ಅಂದಿನಿಂದ ನಾನು ನಿಂತಲ್ಲಿ ನಿಲ್ಲಲಿಲ್ಲ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ, ಸಾರಿಗೆ ಹಾಕಲೇ ಇಲ್ಲ.

ಆ ಮೇಡಂ ಸುತ್ತಲಿನ ಬಾಲವಾಡಿಗಳ ಟೀಚರುಗಳನ್ನೆಲ್ಲ ಸೇರಿಸಿ ನಮಗೆ ಅರ್ಧ ದಿನದ ಪಾಠ ಮಾಡಿದ್ದರು. ವಾರಕ್ಕೆ ಒಂದೇ ವಸ್ತು. ಎಣಿಕೆಯೂ ಅದರಿಂದಲೇ, ಬಣ್ಣವೂ ಅದರಿಂದಲೇ, ಹಾಡೂ ಅದರ ಮೇಲೆಯೇ. ಮೊದಲ ವಾರ ಸೇಬು.

ನಾನು ಎದ್ದು ನಿಂತು ಹಿಂದಿಯಲ್ಲಿ ಕೇಳಿದೆ. "ಮೇಡಂ, ನಮ್ಮ ಮಕ್ಕಳು ಸೇಬು ಮುಟ್ಟಿದವರಲ್ಲ. ಬಾಳೆಹಣ್ಣು ಆಗುವುದಿಲ್ಲವಾ?"

"ಬಾಳೆಹಣ್ಣು ಗುಂಡಗಿಲ್ಲ."

"ಈರುಳ್ಳಿ ಗುಂಡಗಿದೆ."

"ಈರುಳ್ಳಿ ಕಣ್ಣಲ್ಲಿ ನೀರು ಬರಿಸುತ್ತದೆ."

"ಸೇಬಿನ ರೇಟು ಕೇಳಿದರೂ ಬರುತ್ತದೆ ಮೇಡಂ."

ಪಕ್ಕದ ಟೀಚರು ನನ್ನ ಸೆರಗು ಹಿಡಿದೆಳೆದು ಕೂರಿಸಿದಳು. ಮನೆಗೆ ಬಂದು ಗಂಡನಿಗೆ ಹೇಳಿದೆ. ಮುಂಬಯಿಯಲ್ಲಿ ಟೀಚರಮ್ಮನಿಗೆ ಮರಾಠಿಯಲ್ಲಿ 'ಬಾಯಿ' ಅನ್ನುತ್ತಾರೆ. ನಮ್ಮ ಮಕ್ಕಳೂ ನನ್ನನ್ನು ಹಾಗೆಯೇ ಕರೆಯುತ್ತಿದ್ದವು.

ಗಂಡ ಎಲ್ಲವನ್ನೂ ಕೇಳಿ, "ಕೆಲಸ ಉಳಿಯುತ್ತೋ ಇಲ್ವೋ ಗೊತ್ತಿಲ್ಲ ಮಾರಾಯ್ತಿ," ಅಂದರು. "ಹೆಸರು ಮಾತ್ರ ನೋಡಿಯೇ ಇಟ್ಟಿದ್ದಾರೆ."

೨. ಯಾರಿಗೆ ಆರಾಮಿಲ್ಲ?

ಸ್ಟೇಷನ್ ರಸ್ತೆಯಲ್ಲಿ ಒಂದೇ ಒಂದು ಸೇಬು ಕೊಂಡೆ. ಚೀಲ ತಂದಿರಲಿಲ್ಲ, ಒಂದು ಕೈಯಲ್ಲಿ ಮಗಳನ್ನು, ಇನ್ನೊಂದರಲ್ಲಿ ಸೇಬನ್ನು ಹಿಡಿದುಕೊಂಡು ಗುಡ್ಡ ಹತ್ತಿದೆ. ಅದೇ ತಪ್ಪಾದದ್ದು. ನಮ್ಮ ಚಾಳಿನಲ್ಲಿ ಆರೋಗ್ಯವಾಗಿರುವವರು ಯಾರೂ ಸೇಬು ತರುವುದಿಲ್ಲ. ಒಂದೋ ಯಾರಾದರೂ ಆಸ್ಪತ್ರೆಯಲ್ಲಿರಬೇಕು, ಇಲ್ಲವೇ ಯಾರಾದರೂ ಬಸುರಿಯಾಗಿರಬೇಕು.

ಮೆಟ್ಟಿಲ ಬುಡದಲ್ಲೇ ಒಬ್ಬರು, "ಯಾವ ಆಸ್ಪತ್ರೆ?" ಅಂದರು. ನಲ್ಲಿಯ ಹತ್ತಿರ ಇನ್ನೊಬ್ಬರು ಕೊಡ ಕೆಳಗಿಟ್ಟು, "ಧೈರ್ಯ ತಂದುಕೊಳ್ಳಿ," ಅಂದರು. ನಾನು ಖೋಲಿಯ ಬೀಗ ತೆಗೆಯುವಷ್ಟರಲ್ಲಿ ಪಕ್ಕದ ಖೋಲಿಯ ವಿಜಾಪುರದ ಅಕ್ಕ ನನ್ನ ಹೊಟ್ಟೆ ನೋಡುತ್ತ ನಿಂತಿದ್ದಳು.

"ಎಷ್ಟನೇ ತಿಂಗಳ್ರಿ ಬಾಯಾರ?"

"ತಿಂಗಳೂ ಇಲ್ಲ, ಎಂತದೂ ಇಲ್ಲ."

"ನಮ್ಮ ಮುಂದ ಯಾಕ ಮುಚ್ಚಿಡ್ತೀರಿ? ಸೇಬು ಕೈಯಾಗ ಐತಿ."

ಅಷ್ಟರಲ್ಲಿ ಗಂಡ ಏದುಸಿರು ಬಿಡುತ್ತ ಬಂದರು. ಕೆಳಗಿನ ಪಾನ್ ಅಂಗಡಿಯವನು, 'ನಿಮ್ಮ ಮನೆಯವರು ಸೇಬು ಹಿಡಿದು ಓಡಿದರು' ಅಂದಿದ್ದನಂತೆ. ನಾನು ಎಂದೂ ಮೆಲ್ಲಗೆ ನಡೆದವಳಲ್ಲ, ಅದು ಅವನ ಕಣ್ಣಿಗೆ ಓಟ. ಗಂಡ ಮೊದಲು ಮಗಳ ಹಣೆ ಮುಟ್ಟಿದರು, ಆಮೇಲೆ ನನ್ನದು.

"ಯಾರಿಗೆ ಎಂತ ಆಯ್ತು ಮಾರಾಯ್ತಿ?"

"ಯಾರಿಗೂ ಏನೂ ಆಗಿಲ್ಲ. ಇದು ಮಕ್ಕಳಿಗೆ ಪಾಠಕ್ಕೆ."

ವಿಜಾಪುರದ ಅಕ್ಕ ಸೇಬನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಸೇಬು ಕಲಿಸಾಕ ಸೇಬೇ ಬೇಕೇನ್ರಿ? ಹಂಗಾರ ಮುಂದ ಆನಿ ಪಾಠ ಬಂದ್ರ ಒಂದ್ ಮಾತು ಹೇಳ್ರಿ. ಈ ಮೆಟ್ಟಲಾ ತಡಿಯಂಗಿಲ್ಲ."

೩. ಕಡಾಯಿಯಲ್ಲಿ ಬೆಳೆಯುವ ಹಣ್ಣು

ಸೋಮವಾರ ಸೇಬನ್ನು ಸ್ಟೂಲಿನ ಮೇಲಿಟ್ಟು ಮಕ್ಕಳನ್ನು ಸುತ್ತ ಕೂರಿಸಿದೆ. "ಇದು ಸೇಬು. ನಾಳೆ ನೀವೂ ಮನೆಯಿಂದ ಸೇಬು ತನ್ನಿ. ಹಣ್ಣು ಇಲ್ಲದಿದ್ದರೆ ಕ್ಯಾಲೆಂಡರಿನ ಚಿತ್ರವಾದರೂ ಸರಿ," ಅಂದೆ. ಮಕ್ಕಳೆಲ್ಲ ಕನ್ನಡದ ಮನೆಗಳವು, ಆದರೆ ಬೀದಿಯಲ್ಲಿ ಆಡುವುದು ಮರಾಠಿ, ಜಗಳವಾಡುವುದು ಹಿಂದಿ. ನನ್ನ 'ಸೇಬು' ಅವರವರ ಮನೆ ತಲುಪುವಷ್ಟರಲ್ಲಿ 'ಸೇವ್' ಆಯಿತು.

ಮಂಗಳವಾರ ಬೆಳಿಗ್ಗೆ ನೋಡುತ್ತೇನೆ, ಪ್ರತಿಯೊಂದು ಮಗುವಿನ ಕೈಯಲ್ಲೂ ಗುಜರಾತಿ ಕುರುಕಲು ತಿಂಡಿಯ ಅಂಗಡಿಯ ಕಾಗದದ ಪೊಟ್ಟಣ. ಒಳಗೆ ಕಡಲೆಹಿಟ್ಟಿನ ಸೇವ್. ಬಾಲವಾಡಿಯೆಲ್ಲ ಕರುಂ ಕರುಂ ಎಂದು ಸದ್ದು. ನನ್ನ ಮಗಳು ಇದ್ದವರ ಮುಂದೆಲ್ಲ ಕೈ ಚಾಚುತ್ತ ತಿರುಗುತ್ತಿದ್ದಳು.

ಆ ಹೊತ್ತಿಗೆ ಸರಿಯಾಗಿ ಸೆಕ್ರೆಟರಿ ಬಂದರು. "ಪಾಠ ಹೇಗೆ ನಡೀತಾ ಉಂಟು?" ಅಂದವರು ನನ್ನನ್ನು ಬಿಟ್ಟು ಮಕ್ಕಳನ್ನೇ ಕೇಳಿದರು. "ಸೇಬಿನ ಬಣ್ಣ ಯಾವುದು?"

"ಹಳದಿ," ಅಂದವು ಮಕ್ಕಳು.

"ರುಚಿ ಹೇಗೆ?"

"ಖಾರ."

ಸೆಕ್ರೆಟರಿ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕಡೆ ತಿರುಗಿದೆ. ಅವರು ಮತ್ತೆ ಕೇಳಿದರು. "ಅದು ಎಲ್ಲಿ ಬೆಳೆಯುತ್ತದೆ?"

ಕೊನೆಯ ಸಾಲಿನ ಹುಡುಗ ಎದ್ದು ನಿಂತ. ಅವನಪ್ಪ ಕಟ್ಟಡದ ಕೆಲಸದವನು. ಹುಡುಗನಿಗೆ ಎಲ್ಲದಕ್ಕೂ ಉತ್ತರ ಗೊತ್ತು, ಪ್ರಶ್ನೆ ಯಾವುದಾದರೂ ಆಗಬಹುದು. "ಕಡಾಯಿಯಾಗ್ರಿ," ಅಂದ.

ಇನ್ನು ನನ್ನ ಗತಿ ಮುಗಿಯಿತು ಅಂದುಕೊಂಡೆ. ಸೆಕ್ರೆಟರಿ ಒಂದು ಪೊಟ್ಟಣದಿಂದ ನಾಲ್ಕು ಎಳೆ ಸೇವ್ ತೆಗೆದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. ಎಷ್ಟಾದರೂ ಹೋಟೆಲಿನವರು.

"ಎಣ್ಣೆ ಹಳೆಯದು," ಅಂದು ಹೊರಟುಹೋದರು.

೪. ದೊಡ್ಡ ಬಾಯಿ

ಇನ್ನು 'ಸೇಬು' ಅನ್ನುವ ಸಹವಾಸವೇ ಬೇಡ, ಮೇಡಂ ಹೇಳುವ ಹಾಗೆ 'ಆಪಲ್' ಅಂತಲೇ ಕಲಿಸುತ್ತೇನೆ ಎಂದು ನಿಶ್ಚಯಿಸಿದೆ. ಕೆಂಪು ಗಾಳಿಪಟದ ಕಾಗದದಲ್ಲಿ ಆಪಲ್ ಕತ್ತರಿಸಿ ನೆಲದ ತುಂಬ ಹರಡಿದೆ. ನಾನು "ಇದು ಏನು?" ಎನ್ನಬೇಕು. ಮಕ್ಕಳು ಓಡಿ ಬಂದು ಒಂದೊಂದು ಎತ್ತಿಕೊಂಡು "ಆಪಲ್" ಎಂದು ಕೂಗಬೇಕು. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ. ಗುರುವಾರದ ಹೊತ್ತಿಗೆ ಆ ಶಬ್ದ ಮಕ್ಕಳ ನಾಲಿಗೆಯಲ್ಲಿ ಕುಟ್ಟಿಸಿಕೊಂಡು 'ಆಪ್ಲ' ಆಗಿತ್ತು. ಗಟ್ಟಿಯಾಗಿ ಹೇಳುತ್ತವಲ್ಲ, ಸಾಕು ಎಂದು ಬಿಟ್ಟೆ. ಬಿಡಬಾರದಿತ್ತು. ಅದು ಮುಂದೆ ಬರುತ್ತದೆ.

ನಿಜವಾದ ಸೇಬನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಬಾಲವಾಡಿಯಲ್ಲಿ ಇಲಿ ಕಾಟವೆಂದು ದಿನಾ ಸಂಜೆ ಅದನ್ನು ಮನೆಗೆ ಒಯ್ದು ಅಕ್ಕಿ ಡಬ್ಬದಲ್ಲಿಟ್ಟು, ಬೆಳಿಗ್ಗೆ ಕರವಸ್ತ್ರದಲ್ಲಿ ಸುತ್ತಿ ತರುತ್ತಿದ್ದೆ. ಮಗಳಿಗೆ ಅಷ್ಟು ಉಪಚಾರ ಮಾಡಿದವಳಲ್ಲ.

ಶುಕ್ರವಾರ ಅವಸರದಲ್ಲಿ ತಂದು ಸ್ಟೂಲಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಬಣ್ಣ ತೋರಿಸಲು ತಿರುಗಿಸುತ್ತೇನೆ, ಹಿಂಬದಿಯಲ್ಲಿ ಒಂದು ಕಚ್ಚು. ನಾಳೆ ಮೇಡಂ ಬರುವುದು. ನನಗೆ ಮೈಯೆಲ್ಲ ಉರಿಯಿತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿ ತೆರೆಸಿ ಹಲ್ಲಿನ ಗುರುತು ಹೊಂದಿಸಿ ನೋಡಿದೆ. ಯಾರದೂ ಹೊಂದಲಿಲ್ಲ. ನನ್ನ ಮಗಳ ಹಲ್ಲಂತೂ ಆ ಕಚ್ಚಿನೊಳಗೆ ಕಳೆದೇ ಹೋಗುತ್ತಿತ್ತು.

ಕೊನೆಯ ಸಾಲಿನ ಹುಡುಗ ಹತ್ತಿರ ಬಂದು ಬಗ್ಗಿ ನೋಡಿದ. "ಇದು ಸಣ್ಣ ಬಾಯಿ ಕೆಲಸ ಅಲ್ರಿ. ದೊಡ್ಡ ಬಾಯಿದು."

ಎಲ್ಲ ಮಕ್ಕಳೂ ನನ್ನನ್ನೇ ನೋಡಿದವು. ಅಲ್ಲಿ ದೊಡ್ಡ ಬಾಯಿ ಅಂತ ಇದ್ದವಳು ನಾನೊಬ್ಬಳೇ.

ಸಂಜೆ ಗಂಡ ಬರುವುದನ್ನೇ ಕಾಯುತ್ತ ಬಾಗಿಲಿಗೂ ಸ್ಟೋವಿಗೂ ಓಡಾಡಿದೆ. ಬಂದ ಕೂಡಲೇ ಸೇಬನ್ನು ಮುಖದ ಮುಂದೆ ಹಿಡಿದೆ. ಅವರು ಶರ್ಟು ಬಿಚ್ಚುತ್ತ, "ವಾರದಿಂದ ಹೋಟೆಲಿನಲ್ಲಿ, ಟ್ರೇನಿನಲ್ಲಿ ಎಲ್ಲರೂ ಕೇಳ್ತಾ ಇದ್ದಾರೆ, ಮನೆಗೆ ಸೇಬು ತಂದಿರಂತೆ, ಹೇಗಿತ್ತು ಅಂತ," ಅಂದರು. "ತಿನ್ನದೆಯೇ ಎಷ್ಟು ದಿನ ಅಂತ ಸುಳ್ಳು ಹೇಳುವುದು?"

೫. ಆಪ್ಲ

ಇನ್ನೊಂದು ಸೇಬು ಕೊಂಡು ಗುಡ್ಡ ಹತ್ತಿದರೆ ಚಾಳಿನವರು ನನಗೆ ಅವಳಿಜವಳಿ ಎಂದು ಸಾರುತ್ತಿದ್ದರು. ಇರುಳೆಲ್ಲ ಹೊರಳಾಡಿದ ಮೇಲೆ ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಮೇಡಂ ತಮ್ಮ ಪಾಠದಲ್ಲಿ, ವಸ್ತುವನ್ನು ಅದು ಇರುವ ಕಡೆ ಹೋಗಿ ತೋರಿಸಿದರೆ ಇನ್ನೂ ಒಳ್ಳೆಯದು ಅಂದಿದ್ದರು. ಶನಿವಾರ ಮೇಡಂ ಮತ್ತು ಸೆಕ್ರೆಟರಿ ಬಂದು ಕೂರುವ ಮೊದಲೇ, "ಇವತ್ತು ಹಣ್ಣಿನ ಗಾಡಿಯ ಹತ್ತಿರ ಪಾಠ," ಅಂದೆ. ಮೇಡಂಗೆ ಬಹಳ ಸಂತೋಷವಾಯಿತು. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಗುಡ್ಡ ಇಳಿದವು. ಹಿಂದೆ ಮೇಡಂ ಕೊಡೆ ಹಿಡಿದು, ಅವರ ಹಿಂದೆ ಸೆಕ್ರೆಟರಿ ಪಂಚೆ ಹಿಡಿದು.

ಸ್ಟೇಷನ್ ರಸ್ತೆಯಲ್ಲಿ ಮರಾಠಿ ಹೆಂಗಸೊಬ್ಬಳ ಗಾಡಿ, ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಸೇಬುಗಳನ್ನು ಒರೆಸಿ ಒರೆಸಿ ಗೋಪುರ ಮಾಡಿದ್ದಳು. ನಾನು ಗಾಡಿಯ ಕಡೆ ಕೈ ತೋರಿಸಿ ವಾರವಿಡೀ ಕೇಳಿದ್ದನ್ನೇ ಕೇಳಿದೆ.

"ಇದು ಏನು?"

"ಆಪ್ಲ!" ಅಂತ ಮಕ್ಕಳು ಕೂಗಿದವು.

ಮರಾಠಿಯಲ್ಲಿ ಆಪ್ಲ ಅಂದರೆ ನಮ್ಮದು. ಅದು ನನ್ನ ತಲೆಗೆ ಹೊಳೆದದ್ದು ಆ ಕ್ಷಣದಲ್ಲಿ, ಮಾವಶಿಯ ಮುಖ ನೋಡಿದಾಗ. ಅಷ್ಟರಲ್ಲಿ ಮಕ್ಕಳು ಆಟದ ಎರಡನೆಯ ಭಾಗಕ್ಕೆ ಹೋಗಿದ್ದವು. ಓಡಿ ಬಂದು ಒಂದೊಂದು ಎತ್ತಿಕೊಂಡವು. ಗೋಪುರ ಉರುಳಿತು. ಕಾಗದದ ಆಪಲನ್ನು ತಿನ್ನಲಾಗಿರಲಿಲ್ಲ. ಇದನ್ನು ಕಚ್ಚಿದವು.

ಮಾವಶಿ ಕೊನೆಯ ಸಾಲಿನ ಹುಡುಗನ ರಟ್ಟೆ ಹಿಡಿದಳು. "ಆಪ್ಲ? ತುಝ್ಯಾ ಬಾಪಾಚ ಆಹೇ ಕಾ?" ಇದೇನು ನಿನ್ನಪ್ಪನದೇನೋ ಎಂದು.

ಹುಡುಗ ತುಂಬಿದ ಬಾಯಲ್ಲಿ ಮರ್ಯಾದೆಯಿಂದ ಉತ್ತರ ಕೊಟ್ಟ. "ಬಾಪ್ ಕಾಮಾವರ್ ಗೇಲಾ." ಅಪ್ಪ ಕೆಲಸಕ್ಕೆ ಹೋಗಿದ್ದಾನೆ.

ಮೇಡಂ ಸಮಾಧಾನ ಮಾಡಲು ಮುಂದೆ ಬಂದರು. ಅವರಿಗೆ ಮರಾಠಿ ಅಷ್ಟಕ್ಕಷ್ಟೆ. ಹಣ್ಣುಗಳ ಕಡೆ, ಮಕ್ಕಳ ಕಡೆ ಕೈ ತೋರಿಸಿ, ನಗುತ್ತ ವಿವರಿಸಿದರು. "ಆಪಲ್ಸ್, ಆಪಲ್ಸ್."

ಮಾವಶಿಯ ಕಿವಿಗೆ ಅದು 'ಆಪ್ಲಚ್' ಅಂತ ಕೇಳಿಸಿತು. ಅಂದರೆ ನಮ್ಮದೇ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ರಸ್ತೆಗೆಲ್ಲ ಕೇಳುವಂತೆ ಹೇಳಿದಳು. ಮಕ್ಕಳು ನಮ್ಮದು ಅಂದವು, ಹೋಗಲಿ, ಮಕ್ಕಳು. ಈ ಕೊಡೆ ಹಿಡಿದ ದೊಡ್ಡ ಮನೆಯ ಹೆಂಗಸು ಮುಖದ ಮೇಲೆ ಹೊಡೆದ ಹಾಗೆ ನಮ್ಮದೇ ಅನ್ನುತ್ತಾಳೆ, ನೋಡಿ. ಜನ ಸೇರಿದರು. ನಾನು ಮಾವಶಿಗೆ ಮರಾಠಿಯಲ್ಲಿ, ಮೇಡಂಗೆ ಹಿಂದಿಯಲ್ಲಿ, ಸೆಕ್ರೆಟರಿಗೆ ಕನ್ನಡದಲ್ಲಿ ಹೇಳುತ್ತ ಮೂರು ಕಡೆ ತಿರುಗುವಷ್ಟರಲ್ಲಿ ಯಾರಿಗೆ ಯಾವುದು ಹೇಳಿದೆನೋ ನನಗೇ ತಿಳಿಯಲಿಲ್ಲ.

ಕೊನೆಗೆ ಮಾವಶಿಗೆ ಮೊದಲು ಅರ್ಥವಾಯಿತು. "ಸಫರ್‌ಚಂದ್ ಅನ್ನಬಾರದಿತ್ತಾ ಬಾಯಿ?" ಎಂದು ಸೇಬಿನ ಮರಾಠಿ ಹೆಸರು ಹೇಳಿದವಳೇ ನಗಲು ಶುರು ಮಾಡಿದಳು. ಮೇಡಂಗೆ ಅರ್ಥವಾದಾಗ ಅವರು ಖಾಲಿ ಪೆಟ್ಟಿಗೆಯ ಮೇಲೆ ಕೂತೇಬಿಟ್ಟರು, ನಕ್ಕು ನಕ್ಕು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಈರುಳ್ಳಿಯೇ ಬೇಕೆಂದಿಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿದೆ. ನನ್ನ ಜೀವನದಲ್ಲಿ ನುಂಗಿದ ಮಾತು ಅದೊಂದೇ.

"ಇವರನ್ನು ಬದಲಾಯಿಸಬೇಡಿ," ಎಂದು ಮೇಡಂ ಸೆಕ್ರೆಟರಿಗೆ ಹೇಳಿದರು. "ಹೇಳಿಕೊಟ್ಟದ್ದನ್ನು ಮಕ್ಕಳು ಇಷ್ಟು ಗಟ್ಟಿಯಾಗಿ ನಂಬಿದ್ದನ್ನು ನಾನು ಬೇರೆ ಯಾವ ಬಾಲವಾಡಿಯಲ್ಲೂ ನೋಡಿಲ್ಲ."

ಸೆಕ್ರೆಟರಿ ಕಚ್ಚಿದ ಹಣ್ಣಿಗೆಲ್ಲ ದುಡ್ಡು ತೆತ್ತು ನನ್ನ ಹತ್ತಿರ ಬಂದರು. "ಇರಿ ಮಾರಾಯ್ರೆ, ನೀವೇ ಇರಿ. ಆದರೆ ಇನ್ನು ಮೇಲೆ ಗಾಡಿಯಲ್ಲಿ ಮಾರುವ ವಸ್ತು ಯಾವುದೂ ಬೇಡ. ಸೂರ್ಯ ಇದ್ದಾನೆ, ಚಂದ್ರ ಇದ್ದಾನೆ, ಅವರನ್ನು ಕಲಿಸಿ."

ಮಕ್ಕಳು ಅರ್ಧ ತಿಂದ ಸೇಬು ಹಿಡಿದುಕೊಂಡು ಗುಡ್ಡ ಹತ್ತಿದವು. ಮನೆಮನೆಗೂ ಒಂದೊಂದು ಸೇಬು ಹೋಯಿತು. ಮಧ್ಯಾಹ್ನದ ಒಳಗೆ, ಬಾಲವಾಡಿಯ ಅಷ್ಟೂ ಮಕ್ಕಳಿಗೆ ಏನೋ ದೊಡ್ಡ ರೋಗ ತಗುಲಿದೆ ಎಂಬ ಸುದ್ದಿ ಚಾಳಿನ ತುಂಬ ಹಬ್ಬಿತ್ತು. ವಿಜಾಪುರದ ಅಕ್ಕ ಬೇವಿನ ಸೊಪ್ಪು ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಳು.

ಸೋಮವಾರ ನಾನು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಎದುರು ಬಿಲ್ಡಿಂಗಿನ ಮೇಲೆ ಸೂರ್ಯ ಕೆಂಪಗೆ, ಗುಂಡಗೆ ಬಂದಿದ್ದ. ಸೆಕ್ರೆಟರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಬೆರಳು ಎತ್ತಿ ತೋರಿಸಿದೆ.

"ಇದು ಏನು?"

"ಆಪ್ಲ," ಅಂದವು ಎಲ್ಲ ಮಕ್ಕಳೂ ಒಂದೇ ದನಿಯಲ್ಲಿ. ಸೆಕ್ರೆಟರಿಯ ಕೈ ತಾನಾಗಿ ಜೇಬಿಗೆ ಹೋಯಿತು.