ಚರ್ಮ ಸುಲಿದ ಅಂಬಿಗ

ಪಾದುವಾ ಪಟ್ಟಣದ ವೈದ್ಯರು ಕಳಿಸಿದ ಚಿತ್ರದಲ್ಲಿ ಪಾದದಿಂದ ಕುತ್ತಿಗೆಯವರೆಗೆ ಒಂದೊಂದು ಸ್ನಾಯುವೂ ಇತ್ತು, ಮುಖ ಮಾತ್ರ ಇರಲಿಲ್ಲ. 'ಯಾವುದಾದರೂ ಒಂದು ಮುಖ ಹಾಕಿಕೊ' ಎಂದು ಅಂಚಿನಲ್ಲಿ ಗೀಚಿದ್ದರು. ವೈದ್ಯ ಪುಸ್ತಕಗಳಿಗೆ ಮರದಚ್ಚು ಕೆತ್ತುವ ಬೊರ್ತೊಲೊ ಕಿಟಕಿಯಾಚೆ ಇಣುಕಿದ. ಕಾಲುವೆಯಲ್ಲಿ ಅಂಬಿಗ ಮೆನೆಗೊ ದೋಣಿಯೊಳಗೆ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ಪುಕ್ಕಟೆ ಮುಖ!

ಎಂಟನೆಯ ದಿನ ಬೆಳಿಗ್ಗೆ ಮೊದಲ ಪ್ರತಿ ಒತ್ತಿ, ಶಾಯಿ ಆರಲೆಂದು ಬಾಗಿಲಿಗೆ ನೇತುಹಾಕಿದ. ಅದೇ ಹೊತ್ತಿಗೆ ಮೆನೆಗೊನ ಹೆಂಡತಿ ಜನೆತ್ತಾ ಮೀನಿನ ಬುಟ್ಟಿ ಹೊತ್ತು ಬರಬೇಕೆ?

"ಅಯ್ಯಯ್ಯೋ, ನಮ್ಮೋರು! ಸರಕು ತಗೊಂಡು ಪಾದುವಾಕ್ಕೆ ಹೋಗಿ ಮೂರು ದಿನ ಆಯ್ತು. ಹಿಡಿದು ಸುಲಿದುಬಿಟ್ಟಿದಾರಲ್ಲಪ್ಪೋ!"

"ಅಲ್ಲಮ್ಮ, ಅದು ಬರೀ ಚಿತ್ರ..."

"ಬರೀ ಚಿತ್ರಾನಾ?" ರೊಟ್ಟಿ ಸುಡುವ ಗಾಸ್ಪಾರೊ ಮುಂದೆ ನುಗ್ಗಿದ. "ಮೂಗಿನ ಮೇಲಿನ ನರೂಲಿ ಕೂಡ ಬಂದಿದೆ. ಹೆಣ ನೋಡದೆ ಹೆಂಗಯ್ಯಾ ಕೆತ್ತಿದೆ?"

ಇಗರ್ಜಿಯ ಗಂಟೆ ಮೊಳಗಿತು. ದೋಣಿಯವರು ಹುಟ್ಟುಗೋಲು ಹಿಡಿದು ಬಂದರು. ದಿನಾ ಗಂಡನನ್ನು 'ಸೋಮಾರಿ ಮೂಟೆ' ಎನ್ನುತ್ತಿದ್ದ ಜನೆತ್ತಾ ಈಗ "ಅಪರಂಜಿಯಂಥ ಮನುಷ್ಯ" ಎಂದು ಎದೆ ಬಡಿದುಕೊಂಡಳು. ಬೊರ್ತೊಲೊ ಬೆಕ್ಕು ಕಂಡ ಇಲಿಯಂತೆ ಅಚ್ಚಿನ ಯಂತ್ರದ ಅಡಿ ತೂರಿಕೊಂಡ.

ಮಧ್ಯಾಹ್ನ ಸತ್ತವನೇ ಸಿಳ್ಳೆ ಹಾಕುತ್ತಾ ದೋಣಿಯಲ್ಲಿ ಬಂದಿಳಿದ. ಜನೆತ್ತಾ ಓಡಿಹೋಗಿ ತಬ್ಬಿಕೊಂಡಳು. ಮರುಕ್ಷಣವೇ, "ಬದುಕಿದೀನಿ ಅಂತ ಹೇಳಿ ಕಳಿಸೋಕೇನ್ರೀ ಆಗಿತ್ತು?" ಎಂದು ಬುಟ್ಟಿಯ ಮೀನಿನಿಂದಲೇ ಬಾರಿಸಿದಳು.

ಮೆನೆಗೊ ಕೆನ್ನೆ ಒರೆಸಿಕೊಂಡು ಚಿತ್ರದ ಮುಂದೆ ನಿಂತ. ಯಂತ್ರದಡಿಯಲ್ಲಿ ಬೊರ್ತೊಲೊ ಕಣ್ಣು ಮುಚ್ಚಿ ದೇವರನ್ನು ನೆನೆದ.

"ಲೇ ಬೊರ್ತೊಲೊ, ನನ್ನ ತೋಳು ಒಳಗಡೆ ಇಷ್ಟು ಚೆನ್ನಾಗಿದ್ಯೇನೋ?"

ಜೀವ ಬಂದಂತಾಗಿ ಬೊರ್ತೊಲೊ ಹೊರಗೆ ತೆವಳಿದ. "ದೇಶದೇಶದ ವೈದ್ಯರು ನಿನ್ನನ್ನೇ ನೋಡ್ತಾರೆ ಕಣೋ" ಎಂದು ಬೆನ್ನು ತಟ್ಟಿದ. ಆ ಒಂದು ಮಾತು ಆಡಬಾರದಿತ್ತು.

"ದೇಶದೇಶದವರಾ?" ಗಾಸ್ಪಾರೊ ಅವನ ಕೊರಳಪಟ್ಟಿ ಹಿಡಿದ. "ಹಂಗಾದ್ರೆ ನನ್ನ ಮುಖಕ್ಕೇನಾಗಿದೆ? ನನ್ನನ್ನೂ ಸುಲಿ!"

"ನನ್ನನ್ನೂ!" ಎಂದರು ದೋಣಿಯವರು. ಹುಟ್ಟುಗೋಲು ಇನ್ನೂ ಕೆಳಗಿಳಿದಿರಲಿಲ್ಲ.

"ಪುಸ್ತಕದಲ್ಲಿ ಉಳಿದಿರೋದು ಅಸ್ಥಿಪಂಜರ ಒಂದೇ ಕಣ್ರಪ್ಪಾ. ಅದಕ್ಕೆ ಮುಖಾನೇ ಇಲ್ಲ!"

ಗಾಸ್ಪಾರೊ ತುಸು ಯೋಚಿಸಿದ. ಆಮೇಲೆ ಎರಡೂ ತುಟಿಗಳನ್ನು ಬೆರಳಲ್ಲಿ ಎಳೆದು ಹಿಡಿದ.

"ಹಲ್ಲಿರುತ್ತಲ್ಲ? ಈ ಮುಂದಿನೆರಡು ಸರಿಯಾಗಿ ನೋಡ್ಕೊ."

ಅವನ ಹಿಂದೆ ಇಡೀ ಕೇರಿ ಬಾಯಿ ತೆರೆದು ಸಾಲಾಗಿ ನಿಂತಿತ್ತು.